ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವೆ

ನಮ್ಮ ಭಾವನವರಿಗೆ ಮನುಷ್ಯರ ಗುರುತು ಹತ್ತುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಕಣ್ಣು ಚೆನ್ನಾಗಿಯೇ ಇದ್ದವು. ಸೂಜಿಗೆ ದಾರ ಪೋಣಿಸುತ್ತಿದ್ದರು, ಅಕ್ಕಿಯಲ್ಲಿಯ ಹರಳು ಆರಿಸುತ್ತಿದ್ದರು. ಆದರೆ ಎದುರಿಗೆ ನಿಂತವನು ಸ್ವಂತ ಬೀಗನೋ ದಾರಿ ತಪ್ಪಿ ಬಂದ ಪರಸ್ಥಳದವನೋ ಎಂಬುದು ಅವನು ಬಾಯಿ ತೆರೆಯುವವರೆಗೆ ಅವರಿಗೆ ತಿಳಿಯುತ್ತಿರಲಿಲ್ಲ. ಬಾಯಿ ತೆರೆದನೋ, ಮುಗಿಯಿತು! ಎಂಟು ವರ್ಷದ ಹಿಂದೆ ಮಿರಜ ಸ್ಟೇಶನ್ನಿನಲ್ಲಿ ಬೆಂಕಿಪೆಟ್ಟಿಗೆ ಕೇಳಿದ್ದ ಒಬ್ಬ ಮನುಷ್ಯನನ್ನು, ಕೊಲ್ಲಾಪುರದ ಕಾಯಿಪಲ್ಲೆ ಪೇಟೆಯ ಗದ್ದಲದಲ್ಲಿ, ಬೆನ್ನು ತಿರುಗಿಸಿಕೊಂಡೇ ಗುರುತಿಸಿ, "ಏನ್ರಿ, ಬೀಡಿ ಇನ್ನೂ ಬಿಟ್ಟಿಲ್ಲೇನು? ಧ್ವನಿ ಹಂಗ ಐತೆಲ್ಲ" ಎಂದು ದಂಗುಬಡಿಸಿದ್ದನ್ನು ನಾನೇ ಕಂಡಿದ್ದೇನೆ. ಆ ಬಡಪಾಯಿಗೆ ಇವರು ಯಾರೆಂದು ಕಡೆಗೂ ನೆನಪಾಗಲಿಲ್ಲ.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಕೊಲ್ಲಾಪುರದ ಒಂದು ಸಂಗೀತ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರು. ಪೇಟಿ ಎಂದರೆ ತೊಡೆಯ ಮುಂದೆ ಇಟ್ಟುಕೊಂಡು ಕೈಯಿಂದ ಗಾಳಿ ಹಾಕುವ ಹಾರ್ಮೋನಿಯಂ ಅಲ್ಲ. ಕುರ್ಚಿಯ ಮೇಲೆ ಕುಳಿತು, ಎರಡೂ ಕಾಲಿನಿಂದ ತುಳಿಯುತ್ತ ಬಾರಿಸುವ ದೊಡ್ಡ ಪೇಟಿ. ಅದರ ಮೇಲೆ ಬಿಳಿ ಪಟ್ಟಿ ಏಳು, ಕರಿ ಪಟ್ಟಿ ಐದು. ಅಷ್ಟಾದ ಮೇಲೆ ಮತ್ತೆ ಮೊದಲಿನಿಂದ. ಹಾಡುವವನು ಯಾವ ಪಟ್ಟಿಯನ್ನು ತನ್ನ ಷಡ್ಜ ಮಾಡಿಕೊಳ್ಳುತ್ತಾನೋ ಅದೇ ಅವನ ಸೂರು, ಅಂದರೆ ಶ್ರುತಿ. ಕಂಪನಿಯವರು ಇದನ್ನು ಮರಾಠಿಯಲ್ಲಿ 'ಕಾಳೀ ದೋನ್', 'ಪಾಂಢರೀ ಚಾರ್' ಎನ್ನುತ್ತಿದ್ದರು. ಭಾವ ಮನೆಗೆ ಬಂದರೆ ಅದನ್ನೇ ಕನ್ನಡದಲ್ಲಿ ಕರಿ ಎರಡು, ಬಿಳಿ ನಾಲ್ಕು ಎನ್ನುತ್ತಿದ್ದರು. ಹಾಡುವವರಿಗೆ ಇದು ಸರಿ. ಆದರೆ ಹಾಲಿನವನಿಗೆ?

"ಮುಂಜಾನೆ ಆ ಕರಿ ಎರಡು ಬಂದಿದ್ದ," ಎಂದು ಭಾವ ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದರು. "ಹಾಲಿಗೆ ನೀರ ಹಾಕೂದಿಲ್ಲಂತ ಆಣಿ ಮಾಡಿದ. ಆಣಿ ಮಾಡೂಮುಂದ ಕರಿ ಮೂರಕ್ಕ ಏರಿದ. ಸುಳ್ಳ ಹೇಳಾಕತ್ತಾನ, ಹಾಲ ಬಿಡಸು!"

ಮದುವೆಯಾದ ಮೇಲೆ ಮೊದಲ ಹಬ್ಬಕ್ಕೆ ಗಡಹಿಂಗ್ಲಜದ ನಮ್ಮ ಮನೆಗೆ ಬಂದಾಗ, ಬೆಲ್ಲದ ವ್ಯಾಪಾರ ಮಾಡುತ್ತಿದ್ದ ನಮ್ಮ ಅಪ್ಪ ಬಾಗಿಲಲ್ಲಿ ನಿಂತು, "ಬರ್ರಿ ಅಳಿಯಂದಿರ, ಆರಾಮ ಅದೀರಿಲ್ಲೋ?" ಎಂದು ತಮ್ಮ ದಪ್ಪ ಧ್ವನಿಯಲ್ಲಿ ಕೇಳಿದರು. ಅಳಿಯ ಕಾಲಿಗೆ ನೀರು ಹಾಕಿಕೊಳ್ಳುವುದನ್ನೂ ಮರೆತು ಕಣ್ಣು ಮುಚ್ಚಿ ನಿಂತುಬಿಟ್ಟರು. "ಮಾವಾರ, ನಿಮ್ಮದು ಅಪ್ಪಟ ಬಿಳಿ ಒಂದ್ರಿ! ಇಂಥಾ ಷಡ್ಜ ನಮ್ಮ ಕಂಪನಿಯೊಳಗ ಒಬ್ಬಗೂ ಇಲ್ಲ." ಅಪ್ಪನಿಗೆ ಏನೂ ತಿಳಿಯಲಿಲ್ಲ. ಆದರೆ ಹೊಗಳಿಕೆ ಎಂಬುದಂತೂ ತಿಳಿಯಿತು. ಎಂಟು ದಿನ ಪೇಟೆಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಅಳಿಯ ನನಗ ಬಿಳಿ ಒಂದು ಅಂದಾನ" ಎಂದು ಹೇಳಿಕೊಂಡು ತಿರುಗಿದರು. ಆಮೇಲೆ ಬೆಲ್ಲದ ಪೇಟೆಯಲ್ಲಿ ಅವರಿಗೆ ಆ ಹೆಸರೇ ಕಾಯಮ್ಮಾಯಿತು.

ನನಗೆ ಇಚಲಕರಂಜಿಯ ಒಂದು ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿ, ಅದೇ ಊರಲ್ಲಿದ್ದ ಅಕ್ಕನ ಮನೆಯಲ್ಲೇ ಬಿಡಾರ ಹೂಡಿದಾಗ ಅವರ ಮದುವೆಯಾಗಿ ಎರಡನೆಯ ವರ್ಷ ನಡೆದಿತ್ತು. ಭಾವ ಕಂಪನಿಯ ಸಂಗಡ ಊರೂರು ತಿರುಗಿ ತಿಂಗಳಿಗೊಮ್ಮೆ ಎಂಟು ಹತ್ತು ದಿನ ಮನೆಗೆ ಬರುತ್ತಿದ್ದರು. ಬಂದಾಗ ಕೈ ಸುಮ್ಮನಿದ್ದರೂ ಕಾಲು ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಕಾಲು ತುಳಿಯುತ್ತಿತ್ತು, ಕ್ಷೌರಕ್ಕೆ ಕುಳಿತರೆ ತುಳಿಯುತ್ತಿತ್ತು. ನಿದ್ದೆಯಲ್ಲಿ ತುಳಿದು ತುಳಿದು ಕಂಬಳಿಯನ್ನು ಗೋಡೆಯ ತನಕ ಮುಟ್ಟಿಸುತ್ತಿದ್ದರು. ಅವರ ಚಪ್ಪಲಿ ಹಿಮ್ಮಡಿಯ ಕಡೆ ಹೊಚ್ಚ ಹೊಸದು, ಬೆರಳಿನ ಕಡೆ ತೂತು! ಕೊಲ್ಲಾಪುರದಲ್ಲಿ ಚಪ್ಪಲಿ ಹೊಲಿಯುವವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮಾಲಕ, ತುಮ್ಹೀ ಚಾಲತಾ ಕೀ ನಾಚತಾ?" ಎಂದು ಕೇಳಿದನಂತೆ. ನಡೆಯುತ್ತಾರೋ ಕುಣಿಯುತ್ತಾರೋ ಎಂದು ಅವನಿಗೆ ನಿಜವಾಗಿಯೂ ಸಂಶಯ.

ಅವರ ಕಿವಿ ಊರವರಿಗೂ ಉಪಯೋಗಕ್ಕೆ ಬಿದ್ದದ್ದುಂಟು. ಒಮ್ಮೆ ಇಬ್ಬರೂ ಕಬನೂರಿಗೆ ನಡೆದು ಹೊರಟಿದ್ದೆವು. ದಾರಿಯ ಬದಿಯ ಶೆಡ್ಡಿನಲ್ಲಿ ಹತ್ತು ಹನ್ನೆರಡು ಮಗ್ಗಗಳು ಒಟ್ಟಿಗೇ ಖಟಖಟಾ ಎನ್ನುತ್ತಿದ್ದವು. ನನಗೆ ಅದು ಬರೀ ಗದ್ದಲ. ಭಾವ ನಿಂತರು. ನಿಂತವರೇ ಒಳಗೆ ನುಗ್ಗಿ, ಮೂಲೆಯ ಮಗ್ಗದವನ ಮುಂದೆ ಹೋಗಿ, "ತಮ್ಮಾ, ನಿನ್ನ ಮಗ್ಗ ಏಳನೇ ಏಟಿಗೆ ಕುಂಟಾಕತ್ತೈತಿ ನೋಡು" ಎಂದರು. ಅವನು ಇವರನ್ನು ಮೇಲಿಂದ ಕೆಳಗಿನ ತನಕ ನೋಡಿ, "ನೀವು ಯಾವ ಮಿಲ್ಲಿನ ಇಂಜಿನೇರ್ರಿ?" ಎಂದ. "ನಾನು ನಾಟಕದಾಂವ" ಎಂದರು ಭಾವ. ಶೆಡ್ಡಿಗೆ ಶೆಡ್ಡೇ ನಕ್ಕಿತು. ನಕ್ಕವನೇ ಮಗ್ಗ ನಿಲ್ಲಿಸಿ ನೋಡಿದರೆ, ಲಾಳಿ ಹೊಡೆಯುವ ಕೋಲಿನ ಚರ್ಮದ ಪಟ್ಟಿ ಹರಿಯಲು ಬಂದಿತ್ತು! ಅಂದಿನಿಂದ ಕಬನೂರಿನ ದಾರಿಯಲ್ಲಿ ಭಾವ ಕಂಡರೆ ಸಾಕು, ನೇಕಾರರು ಹೊರಗೆ ಬಂದು, "ಮಾಸ್ತರ, ಒಂದ ಸಲ ನಮ್ಮದೂ ಕೇಳಿ ಹೋಗ್ರಿ" ಎಂದು ಕರೆದು ಚಹ ಕುಡಿಸುತ್ತಿದ್ದರು.

ಇಂಥ ಕಿವಿಯ ಗಂಡನನ್ನು ಕಟ್ಟಿಕೊಂಡ ನಮ್ಮ ಅಕ್ಕ ಒಳ್ಳೆಯ ಹಾಡುಗಾರ್ತಿ. ಎಲ್ಲಿಯೂ ಕಲಿತದ್ದಲ್ಲ, ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ತಾನಾಗಿ ಬಂದದ್ದು. ಅವಳು ಹಾಡಿದರೆ ಬೀಸುವ ಕಲ್ಲು ಹಗುರಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಇವರಿಬ್ಬರ ಜೋಡಿ ಹಾಲು ಸಕ್ಕರೆಯ ಹಾಗೆ ಕೂಡಬೇಕಾಗಿತ್ತು, ಅಲ್ಲವೇ? ಕೂಡಲಿಲ್ಲ! ಮದುವೆಯಾಗಿ ಹದಿನೈದನೆಯ ದಿನವೇ ಕೆಟ್ಟಿತು. ಅದನ್ನು ಅಕ್ಕ ನನಗೆ ನೂರು ಸಲ ಹೇಳಿದ್ದಾಳೆ. ನೂರು ಸಲವೂ ಅಷ್ಟೇ ಸಿಟ್ಟಿನಿಂದ ಹೇಳಿದ್ದಾಳೆ.

ಅಂದು ಮುಂಜಾನೆ ಅಕ್ಕ ಜೋಳ ಬೀಸುತ್ತ ಹಾಡುತ್ತಿದ್ದಳು. ಭಾವ ಎದ್ದವರೇ ಮುಖವನ್ನೂ ತೊಳೆಯದೆ, ಮನೆಯಲ್ಲಿದ್ದ ಸಣ್ಣ ಕೈಪೇಟಿ ಎತ್ತಿಕೊಂಡು ಬಂದು ಅವಳ ಎದುರು ಕುಳಿತರು. ಬಿಳಿ ಐದು ಒತ್ತಿದರು. ತಲೆ ಅಲ್ಲಾಡಿಸಿದರು. ಅದರ ಪಕ್ಕದ ಕರಿ ನಾಲ್ಕು ಒತ್ತಿದರು. ಮತ್ತೆ ತಲೆ ಅಲ್ಲಾಡಿಸಿದರು. ಪುನಃ ಬಿಳಿ ಐದು. ಗಂಡ ಮೆಚ್ಚಿಕೊಂಡು ಜೊತೆಗೆ ಬಾರಿಸಲು ಕುಳಿತಿದ್ದಾನೆಂದು ಹೊಸ ಮದುಮಗಳು ಹಿಗ್ಗಿ ಹಿಗ್ಗಿ ಹಾಡಿದಳು. ಕಡೆಗೆ ಭಾವ ಪೇಟಿ ಮುಚ್ಚಿ, ಗಂಭೀರವಾಗಿ ಹೇಳಿದರು:

"ಬಿಳಿ ಐದೂ ಅಲ್ಲ, ಕರಿ ನಾಕೂ ಅಲ್ಲ. ಎರಡರ ನಡುವ ಸಂದಿಯೊಳಗ ಐತಿ. ನಿನ್ನ ಧ್ವನಿಗೆ ಪೇಟಿಯೊಳಗ ಜಾಗಾನ ಇಲ್ಲ."

ಹದಿನೈದು ದಿನದ ಹೆಂಡತಿಗೆ ಹೇಳುವ ಮಾತೇ ಇದು? ಅಕ್ಕ ಬೀಸುವ ಕಲ್ಲಿನ ಗೂಟ ಬಿಟ್ಟು ಎದ್ದು ನಿಂತಳು. "ಜಾಗಾ ಇಲ್ಲಾಂದ್ರ ಬಿಡ್ರಿ. ಇನ್ನ ನೀವು ಇದ್ದಲ್ಲಿ ನಾ ಹಾಡಾಕಿ ಅಲ್ಲ."

ನಮ್ಮ ಮನೆತನದವರ ಹಟ ನಿಮಗೆ ಗೊತ್ತಿಲ್ಲ. ಅಕ್ಕ ಹೇಳಿದಂತೆ ನಡೆದಳು. ಭಾವ ಊರಲ್ಲಿ ಇಲ್ಲದಾಗ ಮನೆ ತುಂಬ ಹಾಡು; ಅವರ ಚಪ್ಪಲಿಯ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದೊಡನೆ ಬಾಯಿ ಬಂದ್. ಓಣಿಯವರಿಗೆ ಇದು ರೂಢಿಯಾಗಿ ಹೋಯಿತು. ಎದುರು ಮನೆಯ ಅಜ್ಜಿ ನಾನು ಶಾಲೆಗೆ ಹೊರಟಾಗ ಕಟ್ಟೆಯ ಮೇಲಿನಿಂದ ಕೇಳುತ್ತಿದ್ದಳು: "ಮಾಸ್ತರ, ನಿಮ್ಮ ಭಾವ ಬಂದಾರೇನು? ಮುಂಜಾನಿಂದ ಹಾಡ ಇಲ್ಲ!"

ಭಾವನವರೇನು ಸುಮ್ಮನೆ ಕುಳಿತರೇ? ಆ ಧ್ವನಿ ಇನ್ನೊಮ್ಮೆ ಕೇಳಬೇಕೆಂದು ಅವರು ಮಾಡಿದ ಉಪಾಯಗಳನ್ನು ಬರೆದರೆ ಅದೇ ಒಂದು ನಾಟಕವಾದೀತು. ಒಮ್ಮೆ ಮುಂಜಾನೆ ಚೀಲ ಹೆಗಲಿಗೆ ಹಾಕಿ, "ಕೊಲ್ಲಾಪುರಕ್ಕ ಹೊಂಟೆ" ಎಂದು ಎಲ್ಲರಿಗೂ ಕೇಳಿಸುವಂತೆ ಸಾರಿ ಹೋದರು. ಓಣಿ ಬಳಸಿಕೊಂಡು ಹಿತ್ತಲಿಗೆ ಬಂದು ಸಗಣಿ ಕುಳ್ಳಿನ ಒಟ್ಟಿಲಿನ ಹಿಂದೆ ಮುದುಡಿ ಕುಳಿತರು. ಒಳಗೆ ಅಕ್ಕ ಬೀಸಲು ಕುಳಿತಳು. ಬೀಸಿದಳು, ಬೀಸಿದಳು, ಅರ್ಧ ಚೀಲ ಜೋಳ ಹಿಟ್ಟಾಯಿತು, ತುಟಿ ಮಾತ್ರ ಬಿಚ್ಚಲಿಲ್ಲ. ಆಮೇಲೆ ಎದ್ದು ಚಹ ಸೋಸಿ ನನ್ನ ಕೈಗೆ ಕೊಟ್ಟು, "ಆ ಕುಳ್ಳಿನ ಹಿಂದ ಕೊಲ್ಲಾಪುರ ಐತಿ. ಅಲ್ಲಿ ಒಬ್ರು ಕುಂತಾರ. ಇದನ್ನ ಕೊಟ್ಟು ಬಾ" ಎಂದಳು. ಅವಳಿಗೆ ಹೇಗೆ ತಿಳಿಯಿತು ಅಂತೀರಾ? ಒಣಗಿದ ಎಲೆಗಳ ಮೇಲೆ ಕಾಲು ತುಳಿಯುವ ಸಪ್ಪಳ!

ಭಾವ ಚಹದ ಬಟ್ಟಲು ತೆಗೆದುಕೊಂಡರು. ನಗಲಿಲ್ಲ.

"ಮಾಸ್ತರ, ಒಂದ ಸಲ ಕೇಳೇನಿ ಅಷ್ಟ. ಒಂದ ಸಲ," ಎಂದರು. "ಧ್ವನಿ ಛಲೋ ಇಲ್ಲಂತ ನಾ ಅಂದಿಲ್ಲ. ಜಾಗಾ ಇಲ್ಲ ಅಂದೆ. ಅದು ಪೇಟಿ ತಪ್ಪು, ಅಕೀದಲ್ಲ."

"ಹಂಗಂತ ಅಕ್ಕಗ ಹೇಳ್ರೆಲ್ಲ ಭಾವಾರ."

"ನಾಕ ಸಲ ಹೇಳಾಕ ಹೋಗೇನಿ. ಬಾಯಿ ತೆಗದ ಕೂಡಲೆ ಬ್ಯಾರೆ ಏನರೆ ಬರತೈತಿ. ಮೊನ್ನೆ ಹೋಗಿ 'ಸಾರಿಗಿ ಉಪ್ಪ ಕಡಿಮಿ ಆಗೇತಿ' ಅಂದು ಬಂದೆ."

ಆ ವರ್ಷದ ಮಳೆಗಾಲದಲ್ಲಿ ಕಂಪನಿಯ ಆಟ ಎರಡು ತಿಂಗಳು ನಿಂತಿತು. ದೊಡ್ಡ ಪೇಟಿಯೊಳಗೆ ಜಿರಳೆ ತುಂಬಿವೆ, ಮನೆಯಲ್ಲಿಟ್ಟು ಸ್ವಚ್ಛ ಮಾಡುತ್ತೇನೆ ಎಂದು ಮಾಲಕರಿಗೆ ಹೇಳಿ, ಚಕ್ಕಡಿಯಲ್ಲಿ ಹೇರಿಸಿಕೊಂಡು ಭಾವ ಅದನ್ನು ಇಚಲಕರಂಜಿಗೆ ತಂದರು. ಪಡಸಾಲೆಯಲ್ಲಿ ಅದರ ಹೊಟ್ಟೆ ಬಿಚ್ಚಿ ಲೋಹ ಕೆರೆಯುವ ಒಂದು ಸಣ್ಣ ಕಾನಸಿ ಹಿಡಿದು ಕುಳಿತರು. ಇಡೀ ದಿನ ಕರ್ ಕರ್, ಕರ್ ಕರ್. ನಾನು ಬಗ್ಗಿ ನೋಡಿದೆ. ಒಳಗೆ ಸಾಲಾಗಿ ಹಿತ್ತಾಳೆಯ ನಾಲಿಗೆಗಳು. ಗಾಳಿ ತಗಲಿದಾಗ ನುಡಿಯುವವು ಅವೇ.

"ತುದಿ ಕೆರದ್ರ ಸೂರು ಏರತೈತಿ, ಬುಡಾ ಕೆರದ್ರ ಇಳಿತೈತಿ," ಎಂದು ಭಾವ ವಿವರಿಸಿದರು.

"ಈಗ ಏನ್ ಮಾಡಾಕತ್ತೀರಿ?"

"ಝುರಳಿ ತಗ್ಯಾಕತ್ತೇನಿ."

ಒಂದು ತಿಂಗಳು ಝುರಳಿ ತೆಗೆದರು! ಅಕ್ಕ ಅಡಿಗೆಮನೆಯಿಂದ, "ಮನ್ಯಾಗ ಇಲಿ ಹೊಕ್ಕಾವೇನೋ ತಮ್ಮಾ, ದಿನಾ ಕೆರ್ಯಾಕತ್ತಾವ" ಎಂದು ನನಗೆ ಹೇಳುವ ನೆಪದಲ್ಲಿ ಅವರಿಗೆ ಕೇಳಿಸುತ್ತಿದ್ದಳು. ಕೆಲಸ ಮುಗಿದ ದಿನ ಭಾವ ಧೈರ್ಯ ಮಾಡಿ ಕರೆದರು: "ಒಂದೀಟ ಬಾ ಇಲ್ಲೆ. ಈ ಪೇಟಿ ಹೆಂಗಾಗೇತಿ ನೋಡು." ಅಕ್ಕ ಬಾಗಿಲಿನ ತನಕವೂ ಬರಲಿಲ್ಲ. "ನನಗ ಜಾಗಾ ಇಲ್ಲದ ಪೇಟಿ ನಾ ಯಾಕ ನೋಡ್ಲಿ?" ಎಂದಳು. ಭಾವ ಮುಚ್ಚಳ ಹಾಕಿದರು. ಮರುದಿನ ಚಕ್ಕಡಿ ಬಂತು, ಪೇಟಿ ಕೊಲ್ಲಾಪುರಕ್ಕೆ ಹೋಯಿತು.

ಆ ಮಳೆಗಾಲದ ನಂತರವೇ ನೋಡಿ, ಕಂಪನಿಯಲ್ಲಿ ಕ್ಲಾರಿನೆಟ್ಟು ಊದುವ ಅಣ್ಣಾ ಎಂಬವರಿಗೆ ಶನಿ ಹಿಡಿದದ್ದು. ಅಣ್ಣಾ ದತ್ತವಾಡದವರು, ಕಬ್ಬಿನ ಗದ್ದೆ ಬಿಟ್ಟು ಊದಲು ಬಂದ ಮನುಷ್ಯ, ಕಡ್ಡಿಯಂಥ ಮೈ. ನಾಟಕದ ಬಾಜಾದಲ್ಲಿ ಪೇಟಿಯೇ ಯಜಮಾನ. ಸಾರಂಗಿಯ ತಂತಿ, ತಬಲದ ಚರ್ಮ ಎಲ್ಲ ಪೇಟಿಗೆ ತಕ್ಕಂತೆ ಬಿಗಿದುಕೊಳ್ಳುತ್ತವೆ, ಸಡಿಲಾಗುತ್ತವೆ. ಕ್ಲಾರಿನೆಟ್ಟಿನ ಕಟ್ಟಿಗೆ ಹಾಗೆ ಕೇಳೀತೇ? ಅಣ್ಣಾ ಊದಿದರೆ ಪೇಟಿಗಿಂತ ಒಂದು ಕೂದಲು ಮೇಲೆ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ದಿನಾ! ಕೊಳವೆಯ ಕೀಲು ಎಳೆದು ಉದ್ದ ಮಾಡಿದರು, ಸಡಿಲಾಯಿತೆಂದು ದಾರ ಸುತ್ತಿದರು. ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಂಡರು. ಪಂಚಗಂಗೆಯ ಗಾಳಿಯೇ ಸರಿಯಿಲ್ಲ ಎಂದರು. ಜ್ಯೋತಿಬಾನಿಗೆ ಹರಕೆ ಹೊತ್ತರು. ಮಾಲಕರು ರಂಗದ ಬದಿಯಿಂದ ಇಣುಕಿ, "ಅಹೋ ಅಣ್ಣಾ, ಕಾಯ್ ಝಾಲಂ ತುಮ್ಹಾಲಾ?" ಎಂದು, ನಿಮಗೇನಾಗಿದೆ ಎಂದು ಕೇಳಿದಾಗಲೆಲ್ಲ ಪಾಪ, ಅಳುವುದೊಂದು ಬಾಕಿ.

ಕಡೆಗೆ ಭಾವನವರ ಹತ್ತಿರವೇ ಬಂದು ಕೇಳಿದರು: "ಮಾಸ್ತರ, ನಿಮ್ಮ ಕಿವಿ ಶಾಣ್ಯಾ. ನನ್ನ ದೋಷ ಎಲ್ಲಿ ಐತಿ, ಹೇಳ್ರಿ."

ಭಾವ ಮುಖ ಸ್ವಲ್ಪವೂ ಅಲುಗಿಸದೆ, "ನಿಮ್ಮ ಉಸರಿನ್ಯಾಗ ಜೀವ ಸಾಲದು. ಹಾಲ ಕುಡೀರಿ" ಎಂದರು.

ಅಣ್ಣಾ ಕುಡಿದರು! ಮುಂಜಾನೆ ಅರ್ಧ ಸೇರು, ಸಂಜೆ ಅರ್ಧ ಸೇರು. ಕೀಲು ಎಳೆದು ಊದುವುದು ಬರಬರುತ್ತ ಕೈಗೆ ಕೂಡಿತು, ಸೂರು ಸರಿಹೋಯಿತು. ಅದೆಲ್ಲ 'ಹಾಲಿನ ಪ್ರತಾಪ' ಎಂದು ಅಣ್ಣಾ ನಂಬಿದರು. ನಂಬಿ, ಕುಡಿಯುತ್ತಲೇ ಹೋಗಿ, ಮೂರು ವರ್ಷದಲ್ಲಿ ಅವರ ಅಂಗಿಯ ಗುಂಡಿ ಹಾಕಲು ಇನ್ನೊಬ್ಬರು ಬೇಕಾದರು.

ಇತ್ತ ಕಂಪನಿಯ ನಾಯಕಿಯ ಹರ್ಷವೋ ಹೇಳತೀರದು. ನಾಯಕಿ ಎಂದರೆ ಮೀಸೆ ಬೋಳಿಸಿದ ಗಂಡಸು, ಆಗ ಹಾಗೆಯೇ. ವಯಸ್ಸಾಗುತ್ತ ಬಂದು ಮೇಲಿನ ಸ್ವರಕ್ಕೆ ಏದುಸಿರು ಬಿಡುತ್ತಿದ್ದವನು ಆ ವರ್ಷದಿಂದ ಸಲೀಸಾಗಿ ಏರತೊಡಗಿದ. "ಜ್ಯೇಷ್ಠಮಧಾಚಾ ಗುಣ!" ಎಂದು ಎಲ್ಲರಿಗೂ ಜ್ಯೇಷ್ಠಮಧು ಹಂಚಿದ. ಜನ 'ವನ್ಸ್ ಮೋರ್, ವನ್ಸ್ ಮೋರ್' ಎಂದು ಕೂಗುವುದು ಹೆಚ್ಚಾಯಿತು. ಭಾವನವರಿಗೆ ಈ ವನ್ಸ್ ಮೋರ್ ಎಂದರೆ ಮೈಯೆಲ್ಲ ಉರಿ. ಒಂದೇ ಹಾಡನ್ನು ಮೂರು ಸಲ, ನಾಲ್ಕು ಸಲ ಹಾಡಿಸುವುದು ಅಂದಿನ ಕೊಲ್ಲಾಪುರದವರ ಹಕ್ಕು. ಸತ್ತ ರಾಜ ಎದ್ದು ಕುಳಿತು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು! "ಮುಗದ ಹಾಡು ಮುಗೀತು. ಮತ್ತ ಹಾಡಂತ ಕೇಳೂದು ಅಂದ್ರ ಎಲಿ ಎತ್ತಿದ ಮ್ಯಾಲೆ ಮತ್ತ ಉಣ್ಣಾಕ ಕುಂತಂಗ. ನಾ ಅಂತೂ ಜನ್ಮದಾಗ ವನ್ಸ್ ಮೋರ್ ಅನ್ನಾಂವ ಅಲ್ಲ" ಎಂದು ಅವರು ಗೊಣಗುತ್ತಿದ್ದರು.

ಅವರ ಒಂದು ಕೈಚಳಕ ಮಾತ್ರ ನಾನು ಮರೆಯಲಾರೆ. ನಾಯಕಿ ಅಳುತ್ತ ಮಾತಾಡುತ್ತಿರುವಾಗ, ಹಾಡು ಶುರುವಾಗುವ ತುಸು ಮೊದಲು, ಭಾವ ಒಂದೇ ಒಂದು ಪಟ್ಟಿಯನ್ನು ಮೆಲ್ಲಗೆ ಒತ್ತಿ ಹಿಡಿಯುತ್ತಿದ್ದರು. ಮಾತಿನ ಅಡಿಯಲ್ಲಿ ಅದು ಬಂದದ್ದು ಜನರಿಗೆ ತಿಳಿಯುತ್ತಿರಲಿಲ್ಲ. ನಟನಿಗೆ ಮಾತ್ರ ತಿಳಿದು, ಅವನ ಮಾತು ತಾನೇ ಹಾಡಾಗಿ ಏಳುತ್ತಿತ್ತು. ಮನೆಯಲ್ಲಿ ಅಕ್ಕ ಬಯ್ಯಲು ಶುರು ಮಾಡಿದಾಗ ಭಾವ ಬಾಯಲ್ಲೇ ಹಾಗೆ 'ಹ್ಞೂಂ' ಎಂದು ಸೂರು ಹಿಡಿದು ನೋಡಿದ್ದುಂಟು. ಅಕ್ಕ ಬಯ್ಯುವುದನ್ನೇ ನಿಲ್ಲಿಸಿ ಬಟ್ಟಲು ಕುಕ್ಕಿ ಹೋಗುತ್ತಿದ್ದಳು.

ಒಂದು ರವಿವಾರ ಮಧ್ಯಾಹ್ನದ ಆಟಕ್ಕೆ ನಾನು ಅಕ್ಕನನ್ನು ಕೊಲ್ಲಾಪುರಕ್ಕೆ ಕರೆದೊಯ್ದೆ. ಅವಳು ಹೆಂಗಸರ ಕಡೆ, ನಾನು ಗಂಡಸರ ಕಡೆ. ರಂಗದ ಮುಂದಿನ ತಗ್ಗಿನಲ್ಲಿ ಬಾಜಾದವರು. ಪ್ರೇಕ್ಷಕರಿಗೆ ಕಾಣುವುದು ಭಾವನ ಬೆನ್ನಷ್ಟೇ. ನಾಯಕಿಯ ಹಾಡು ನಡೆದಿತ್ತು. ಒಮ್ಮೆಲೇ ಪೇಟಿ ನಿಂತಿತು! ಒಂದು ಆವರ್ತನ ಪೂರ್ತಿ ಇಲ್ಲ. ತಬಲದವನು ಗಾಬರಿಯಾಗಿ ನೋಡಿದ. ಹದಿನಾರು ವರ್ಷ ಪ್ರೇಕ್ಷಕರತ್ತ ಒಮ್ಮೆಯೂ ತಿರುಗದ ಭಾವ, ಕತ್ತು ಪೂರ್ತಿ ಹಿಂದಕ್ಕೆ ಹೊರಳಿಸಿ, ಹೆಂಗಸರ ಕಡೆ ನೋಡುತ್ತಿದ್ದರು. ಮಾಲಕರು ಕೇಳಿದ್ದಕ್ಕೆ, ಕಾಲು ಜಾರಿತು ಎಂದರಂತೆ. ಬರುವಾಗ ಮೋಟಾರಿನಲ್ಲಿ ಅಕ್ಕ, "ಆ ಹಾಡು ಹೆಂಗ ಸಲೀಸ ಗಂಟಲಿಗೆ ಕೂಡತು ನೋಡೋ ತಮ್ಮಾ. ನನಗ ಗೊತ್ತಿಲ್ಲದಂಗ ಗುಣಗಾಕತ್ತಿದ್ದೆ" ಎಂದಳು. ನನಗೆ ಆಗಲೂ ಏನೂ ಹೊಳೆಯಲಿಲ್ಲ. ಶಾಲೆಯಲ್ಲಿ ನಾನು ಬುದ್ಧಿವಂತ ಮಾಸ್ತರನೆಂದೇ ಹೆಸರು ಮಾಡಿದ್ದೆ!

ವರ್ಷಗಳು ಹೋದವು. ಮಾತಾಡುವ ಸಿನೆಮಾ ಬಂದು ಜನರನ್ನು ಎಳೆದುಕೊಂಡಿತು, ಯುದ್ಧ ಬಂದು ಗ್ಯಾಸ್‌ಬತ್ತಿಯ ಸೀಮೆಎಣ್ಣೆಯನ್ನು ಎಳೆದುಕೊಂಡಿತು. ಕಂಪನಿ ಮುಚ್ಚಿತು. ಮಾಲಕರು ಕಣ್ಣೊರೆಸಿಕೊಳ್ಳುತ್ತ, ಬೇಕಾದದ್ದು ಒಯ್ಯಿರಿ ಎಂದರಂತೆ. ರಾಜನ ಸಿಂಹಾಸನ ಒಬ್ಬ ಕ್ಷೌರಿಕನ ಅಂಗಡಿಗೆ ಹೋಯಿತು; ಕೊಲ್ಲಾಪುರದ ಎಷ್ಟೋ ಮಂದಿ ಅದರ ಮೇಲೆ ಕುಳಿತು ತಲೆ ಬೋಳಿಸಿಕೊಂಡರು. ಭಾವ ಕೇಳಿದ್ದು ಪೇಟಿಯೊಂದನ್ನೇ. ಚಕ್ಕಡಿಯಿಂದ ಇಳಿಸಿದಾಗ ಅದು ಹಿಂದಿನ ಸಲದಂತೆಯೇ ಬಾಗಿಲಲ್ಲಿ ಹಿಡಿಸದೆ ಚೌಕಟ್ಟು ಬಿಚ್ಚಬೇಕಾಯಿತು. "ಬಂದ್ಲೇನು ನನ್ನ ಸವತಿ?" ಎನ್ನುತ್ತ ಅಕ್ಕ ಅದಕ್ಕೆ ಕುಂಕುಮವನ್ನೇನೋ ಹಚ್ಚಿದಳು, ಹಚ್ಚಿ, ಅದರ ತಲೆಯ ಮೇಲೆ ಜೋಳದ ಡಬ್ಬಿ ಇಟ್ಟಳು.

ಈಗ ಬಂತು ನೋಡಿ ನಿಜವಾದ ಸಂಕಟ. ಭಾವ ಕಾಯಮ್ಮಾಗಿ ಮನೆಯಲ್ಲಿ, ಅಕ್ಕನ ಹಾಡು ಕಾಯಮ್ಮಾಗಿ ಬಂದ್. ತಿಂಗಳಲ್ಲಿ ಇಪ್ಪತ್ತು ದಿನವಾದರೂ ಕೇಳುತ್ತಿದ್ದದ್ದು ಪೂರ್ತಿ ನಿಂತಿತು. ಎದುರು ಮನೆಯ ಅಜ್ಜಿ, "ಎಲ್ಲೆರ ನಾಕ ದಿನ ಕಳಸ್ರೋ ಅವ್ರನ್ನ" ಎಂದು ನನ್ನ ಬೆನ್ನು ಹತ್ತಿದಳು. ಅಕ್ಕ ಸೊರಗಿದಂತೆ ಕಂಡಳು. ಭಾವನವರ ಕಾಲೂ ಈಗ ತುಳಿಯುವುದು ಕಡಿಮೆಯಾಗಿತ್ತು. ಹನ್ನೊಂದು ವರ್ಷದ ಹಟ. ಇವಳು ಸೋಲಳು, ಅವರಿಗೆ ಬಾಯಿ ಬಾರದು. ಇಬ್ಬರೂ ಹೀಗೆಯೇ ಮುದುಕರಾಗುತ್ತಾರಲ್ಲ ಎಂಬುದೇ ನನ್ನ ಚಿಂತೆ.

ಅದೇ ವರ್ಷ ನನಗೆ ಮಗಳು ಹುಟ್ಟಿದಳು. ನನ್ನ ಹೆಂಡತಿಗೆ ತಾಯಿಯಿಲ್ಲದ್ದರಿಂದ ಬಾಣಂತನ ಅಕ್ಕನ ಮನೆಯಲ್ಲೇ. ತೊಟ್ಟಿಲ ಕಾರ್ಯದ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಒಳಗೆ ಸೇರಿದರು. ಹೊರಗೆ ಪಡಸಾಲೆಯಲ್ಲಿ ನಾನು, ಭಾವ, ದತ್ತವಾಡದಿಂದ ಬಂದಿದ್ದ ಕ್ಲಾರಿನೆಟ್ಟಿನ ಅಣ್ಣಾ. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ; ಮೊದಲ ಜೋಗುಳ ಹಾಡುವವಳೂ ಅವಳೇ. ಅಂದರೆ ನಮ್ಮ ಅಕ್ಕ! ಹೆಸರೇನೋ ಹೇಳಿದಳು. ಹಾಡು ಹೊರಡಲಿಲ್ಲ.

"ಹಾಡ್ರಿ ಅಕ್ಕಾರ, ಕೂಸು ಅಳಾಕತ್ತೈತಿ," ಎಂದಳು ನನ್ನ ಹೆಂಡತಿ.

"ಅವ್ರು ಹೊರಗ ಹೋಗ್ಯಾರೇನು?"

"ಹೋಗ್ಯಾರ್ರಿ."

ಹೊರಗೆ ಎಂದರೆ ಪಡಸಾಲೆ. ಗೋಡೆ ಭಾವನವರ ಕಣ್ಣಿಗೆ ಅಡ್ಡವಾದೀತು, ಕಿವಿಗೆ ಆದೀತೇ? ಅಕ್ಕನಿಗೂ ಅದು ಗೊತ್ತು. ಕೂಸಿನ ಅಳು ಜೋರಾಯಿತು. ಭಾವ ಎದ್ದರು. ಓಣಿಗೆ ಹೋಗುತ್ತಾರೆಂದು ನಾನು ಅಂದುಕೊಂಡೆ. ಅವರು ಹೋಗಿ ಜೋಳದ ಡಬ್ಬಿ ಇಳಿಸಿ, ಪೇಟಿಯ ಮುಚ್ಚಳ ತೆಗೆದು ಕುಳಿತರು. ಕಾಲು ಮೆಲ್ಲಗೆ ತುಳಿಯತೊಡಗಿತು. ಕರಿ ನಾಲ್ಕರ ಮೇಲೆ ಒಂದು ಬೆರಳು ಇಟ್ಟರು. ಅಷ್ಟೇ. ನಾಯಕಿಯ ಮಾತಿನ ಅಡಿಯಲ್ಲಿ ಹಿಡಿಯುತ್ತಿದ್ದರಲ್ಲ, ಹಾಗೆಯೇ.

ಆಮೇಲೆ ಅಕ್ಕನ ಜೋಗುಳ ಎದ್ದಿತು. ನನಗೆ ಸಂಗೀತ ತಿಳಿಯದು. ಆದರೂ ಅಂದು ಪೇಟಿ ಯಾವುದು, ಅಕ್ಕ ಯಾವುದು ಎಂದು ಬೇರೆ ಮಾಡಿ ಹೇಳಲು ನನ್ನಿಂದ ಆಗಲಿಲ್ಲ. ಭಾವ ಕಣ್ಣು ಮುಚ್ಚಿದ್ದರು. ಅಣ್ಣಾ ಬಾಯಲ್ಲಿಟ್ಟ ಉಂಡಿ ಅಗಿಯುವುದನ್ನು ನಿಲ್ಲಿಸಿದರು. ಪೇಟಿಯ ಕಡೆ ನೋಡಿದರು, ಒಳಬಾಗಿಲ ಕಡೆ ನೋಡಿದರು, ಮತ್ತೆ ಪೇಟಿ, ಮತ್ತೆ ಬಾಗಿಲು. ಹಾಡು ಮುಗಿದದ್ದೇ ತಡ, ಆ ದೊಡ್ಡ ಮೈ ಎತ್ತಿಕೊಂಡು ಬಾಗಿಲಿಗೆ ಓಡಿದರು.

"ಅಕ್ಕಾರ, ನಿಮ್ಮ ಧ್ವನಿ ಸಲುವಾಗಿ ನಾ ಒಂಬತ್ತ ವರ್ಷ ಹಾಲ ಕುಡದೇನ್ರಿ!"

ಹೆಂಗಸರೆಲ್ಲ ಬೆಪ್ಪಾದರು. ಅಣ್ಣಾ ಹಣೆ ಬಡಿದುಕೊಂಡು ಹೇಳಿದರು: "ಇದು ಕರಿ ನಾಕ ಅಲ್ರಿ, ಬಿಳಿ ಐದೂ ಅಲ್ಲ. ನಡುವ ಐತಿ! ಆ ಮಳಿಗಾಲದಾಗ ಈ ಪುಣ್ಯಾತ್ಮ ಒಂದೊಂದ ನಾಲಿಗಿ ಕೆರದು ಇಡೀ ಪೇಟಿ ಇಳಸ್ಯಾನ. ಒಂಬತ್ತ ವರ್ಷ ನಮ್ಮ ಇಡೀ ಕಂಪನಿ ನಿಮ್ಮ ಸೂರಿನ್ಯಾಗ ಹಾಡೇತ್ರಿ ಅಕ್ಕಾರ!"

ಅಕ್ಕ ಕೂಸನ್ನೆತ್ತಿಕೊಂಡು ಪಡಸಾಲೆಗೆ ಬಂದಳು. ಭಾವ ಇನ್ನೂ ಪಟ್ಟಿಯ ಮೇಲಿನ ಬೆರಳು ತೆಗೆದಿರಲಿಲ್ಲ.

"ಹೌದೇನ್ರಿ?"

"ಪೇಟಿಯೊಳಗ ಜಾಗಾ ಇರ್ಲಿಲ್ಲ," ಎಂದರು ಭಾವ. "ಮಾಡಿದೆ."

"ಒಂದ ಸಲ ಕೇಳಿದ್ರಿ. ಎರಡ ವರ್ಷ ಹೆಂಗ ನೆನಪ ಉಳೀತು?"

"ಅದನ್ನ ಮರಿಯಾಕ ಬರತೈತೇನು?"

ಅಕ್ಕನ ಕಣ್ಣಿಂದ ನೀರು ಇಳಿಯಿತು. "ಬಾಯಿ ಬಿಟ್ಟು ಒಂದ ಮಾತ ಹೇಳಿದ್ರ ಏನಾಗ್ತಿತ್ರಿ? ಸುಮ್ಮ ಸುಮ್ಮನ ಹನ್ನೊಂದ ವರ್ಷ ಕಳದ್ವೆಲ್ಲ!" ಎಂದಳು.

ಭಾವ ಹೇಳಲು ಬಾಯಿ ತೆರೆದರು. ಈ ಸಲವಾದರೂ ಸರಿಯಾದ ಮಾತು ಬರಲಪ್ಪಾ, ಸಾರಿನ ಉಪ್ಪು ಬರದಿರಲಿ ಎಂದು ನಾನು ದೇವರನ್ನು ನೆನೆದೆ. ಬಂದ ಧ್ವನಿ ಯಾವ ಪಟ್ಟಿಗೂ ಕೂಡುವಂತಿರಲಿಲ್ಲ, ಪೂರ್ತಿ ಒಡೆದುಹೋಗಿತ್ತು.

"ವನ್ಸ್ ಮೋರ್," ಎಂದರು.

ಅಕ್ಕ ಅಲ್ಲೇ ಪೇಟಿಯ ಪಕ್ಕದಲ್ಲಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. ಮೊದಲಿನಿಂದ ಹಾಡಿದಳು. ಭಾವನವರ ಕಾಲು ತುಳಿಯುತ್ತಿತ್ತು. ಹಾಡು ಓಣಿಗೆ ಕೇಳಿಸಿರಬೇಕು, ಬಾಣಂತಿ ಮನೆಗೆ ಬರಲು ತಡಮಾಡಿದ್ದ ಎದುರು ಮನೆಯ ಅಜ್ಜಿ ಕಟ್ಟೆಯ ಮೇಲಿನಿಂದಲೇ ಕೂಗಿದಳು:

"ಮಾಸ್ತರ, ನಿಮ್ಮ ಭಾವ ಊರಿಗೆ ಹೋದ್ರೇನು?"

"ಇಲ್ಲಬೇ ಯಮ್ಮಾ," ಎಂದೆ ನಾನು. "ಮನ್ಯಾಗ ಅದಾರ."